ಅರಮನೆಯ ಹಿಂಭಾಗ ನೋಡಲು ಎರಡು ದಿನದ ರಜೆ

ಮಾನ್ಯ ಶಾಲಾ ಆಡಳಿತಾಧಿಕಾರಿಗಳೇ,

ನನ್ನ ಮಗಳಿಗೆ ಸುಳ್ಳು ಜ್ವರ ಬಂದದ್ದು ನಿಮ್ಮ ರಜೆ ಅರ್ಜಿಯ ದೆಸೆಯಿಂದ. ನಿಜವಾದ ಜ್ವರ ಬಂದಾಗ ಅವಳು ಅದನ್ನು ಮುಚ್ಚಿಟ್ಟದ್ದು ನಿಮ್ಮ ಕಚೇರಿಯ ಬಾಗಿಲಿನ ದೆಸೆಯಿಂದ. ಮೊದಲನೆಯದರಲ್ಲಿ ನನ್ನ ಕೈಯೂ ಇದೆ. ಎರಡನೆಯದರಲ್ಲಿ ಎಷ್ಟಿದೆ ಎಂದು ನಾಲ್ಕು ದಿನಗಳಿಂದ ಯೋಚಿಸುತ್ತಿದ್ದೇನೆ. ಕೂತರೆ ಕೂರಲಾಗುತ್ತಿಲ್ಲ, ಎದ್ದರೆ ಏಕೆ ಎದ್ದೆನೆಂದು ಮರೆತುಹೋಗುತ್ತದೆ. ಈ ಪತ್ರವನ್ನು ನಿಮ್ಮ ಮೇಜಿಗೇ ಕಳಿಸಬಹುದಿತ್ತು. ಆದರೆ ನಿಮ್ಮ ಮೇಜಿಗೆ ಬಂದ ಪತ್ರಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎಂಬುದು ನಮ್ಮ ಶ್ರೀನಿವಾಸಪುರದಲ್ಲಿ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ರಮ್ಯಳಿಗೆ ಆರು ವರ್ಷ, ನಿಮ್ಮ ಶಾಲೆಯ ಒಂದನೇ ತರಗತಿ. ಗೇಟಿನ ಎಡಗಡೆಯ ಗೋಡೆಯ ಮೇಲೆ ನೀವು ಮೈಸೂರು ಅರಮನೆಯ ದೊಡ್ಡ ಚಿತ್ರ ಬರೆಸಿದ್ದೀರಿ. ದಿನಾ ಸಂಜೆ ಅದರ ಮುಂದೆ ವ್ಯಾನಿಗೆ ಕಾಯುವ ಹುಡುಗಿ ಒಂದು ದಿನ ಮನೆಗೆ ಬಂದು ಕೇಳಿದಳು: "ಅಮ್ಮಾ, ಅರಮನೆಗೆ ಹಿಂದ್ಗಡೆ ಇರುತ್ತಾ?" ನಿಮ್ಮ ಗೋಡೆಯ ಹಿಂದೆ ಇರುವುದು ನೀರಿನ ಟ್ಯಾಂಕ್. ಅವಳ ಅನುಮಾನ ನ್ಯಾಯವಾದದ್ದೇ.

"ಇರುತ್ತೆ ಕಣೇ."

"ನೀನ್ ನೋಡಿದ್ಯಾ?"

ನಾನು ಮೈಸೂರಿಗೆ ಮೂರು ಸಲ ಹೋಗಿದ್ದೇನೆ. ಅರಮನೆಯ ಹಿಂಭಾಗ ನೋಡಿದ ನೆನಪು ಮಾತ್ರ ಇಲ್ಲ. ನಮ್ಮ ಪ್ರವಾಸ ಹುಟ್ಟಿದ್ದು ಹೀಗೆ.

ರಜೆಯಲ್ಲಿ ಹೋಗಬಾರದಿತ್ತೇ ಎಂದು ನೀವು ಕೇಳುತ್ತೀರಿ. ಯಾವ ರಜೆಯಲ್ಲಿ? ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ನಮ್ಮ ಊರಿನಲ್ಲಿ ಮಾವಿನ ತೋಟಗಳ ವ್ಯಾಪಾರ ಕುದುರುತ್ತಿರುತ್ತದೆ. ಅದು ಮುಗಿಯುವಷ್ಟರಲ್ಲಿ ಲಾರಿಗಳು ಸಾಲುಗಟ್ಟಿರುತ್ತವೆ. ನನ್ನ ಗಂಡ ಕಾಂತರಾಜ್ ಅವರದು ಮಾವಿನ ಮಂಡಿ. ಆ ಮೂರು ತಿಂಗಳು ಅವರನ್ನು ನಾವು ನೋಡುವುದೇ ಊಟದ ಹೊತ್ತಿಗೆ. ನಿಮ್ಮ ಒಂದನೇ ತರಗತಿಯ ಅರ್ಧ ಮಕ್ಕಳ ಮನೆಯ ಕತೆ ಇದೇ. ದಸರಾ ರಜೆ ಇತ್ತಲ್ಲ ಎನ್ನುವಿರಾ? ಅದನ್ನು ನೀವು 'ವಿಶೇಷ ತರಗತಿ' ಎಂದು ಕತ್ತರಿಸಿ ನಾಲ್ಕೇ ದಿನ ಉಳಿಸಿದಿರಿ. ಆ ನಾಲ್ಕು ದಿನ ಆರು ವರ್ಷದ ಮಗುವಿಗೆ ಮೈಸೂರಿನಲ್ಲಿ ಕಾಣುವುದು ಜನರ ಬೆನ್ನು ಮಾತ್ರ. ಹಾಗಾಗಿ ನಮಗೆ ಉಳಿಯುವುದು ದೀಪಾವಳಿ ಕಳೆದು ಮಾವು ಹೂ ಬಿಡುವವರೆಗಿನ ಕೆಲವು ವಾರ. ಊರಿಗೇ ಪುರುಸೊತ್ತು ಇರುವ ಕಾಲ ಅದೊಂದೇ.

ನಾನು ಹಾಳೆ ತೆಗೆದುಕೊಂಡು ಕೂತು ಯೋಜನೆ ಹಾಕಿದೆ. ಗುರುವಾರ ಸಂಜೆ ಮಾಲೂರು, ಅಂದರೆ ನನ್ನ ತವರು. ಶುಕ್ರವಾರ ಬೆಳಗಿನ ರೈಲು, ಬೆಂಗಳೂರಿನಲ್ಲಿ ಬದಲಾವಣೆ. ಮಧ್ಯಾಹ್ನ ಮಗುವಿಗೆ ನಿದ್ದೆ. ಶನಿವಾರ ಬೆಳಗ್ಗೆ ಕಾಲು ಸೋಲುವ ಮುಂಚೆ ಅರಮನೆ. ಮೊದಲು ಹಿಂಭಾಗ, ಆಮೇಲೆ ಮುಂಭಾಗ. ಈ ಕ್ರಮ ರಮ್ಯಳದು. ಭಾನುವಾರ ವಾಪಸು. ಬೇಕಾದದ್ದು ಎರಡು ದಿನದ ರಜೆ, ಅಷ್ಟೇ.

ನಿಮ್ಮ ಕಚೇರಿಯ ಗುಮಾಸ್ತರು ಅಚ್ಚು ಹಾಕಿಸಿದ ಅರ್ಜಿ ಕೊಟ್ಟು ಬೆರಳಿಟ್ಟು ತೋರಿಸಿದರು. "ಮೇಡಂ, ಮೂರೇ ಇರೋದು. ಕಾಯಿಲೆ, ಸಾವು, ಮದುವೆ. ಮೈಸೂರಿಗೆ ಜಾಗ ಇಲ್ಲ."

"ಪಕ್ಕದಲ್ಲಿ ಬರೀಲಾ?"

"ಬರದ್ರೆ ಸಾಹೇಬ್ರು ವಾಪಸ್ ಕಳಿಸ್ತಾರೆ. ಯಾವ್ದಕ್ಕಾದ್ರೂ ಒಂದಕ್ಕೆ ಟಿಕ್ ಹಾಕ್ಬಿಡಿ. ಸಾವಿಗ್ ಮಾತ್ರ ಹಾಕ್ಬೇಡಿ, ಯಾರು ಅಂತ ಕೇಳ್ತಾರೆ."

ನಾನು ಒಪ್ಪದೆ ಪಕ್ಕದಲ್ಲಿ ಬರೆದೇ ಕೊಟ್ಟೆ. ಮರುದಿನ ಅರ್ಜಿ ವಾಪಸು ಬಂತು. ನನ್ನ ಸಾಲಿನ ಮೇಲೆ ಕೆಂಪು ಗೆರೆ, ಕೆಳಗೆ ನಿಮ್ಮ ಅಕ್ಷರದಲ್ಲಿ 'ಸೂಕ್ತ ಕಾರಣವಲ್ಲ'. ಗೋಡೆಯ ಮೇಲೆ ಬರೆಸಲು ಸೂಕ್ತವಾದದ್ದು ಹೋಗಿ ನೋಡಲು ಸೂಕ್ತವಲ್ಲವೇ?

ಇಲ್ಲಿಗೆ ನಿಮ್ಮ ತಪ್ಪು ಮುಗಿದು ನನ್ನದು ಶುರುವಾಗುತ್ತದೆ. ಮನೆಯಲ್ಲಿ ಗೊಣಗುತ್ತಿದ್ದಾಗ ಕಾಂತರಾಜ್ ನಕ್ಕರು. "ಎಲ್ರೂ ಜ್ವರ ಅಂತ್ಲೇ ಬರ್ಕೊಡೋದು ಕಣೇ. ನೀನೇನು ಕೋರ್ಟಲ್ಲಿ ಸಾಕ್ಷಿ ಹೇಳ್ತಿದ್ದೀಯಾ?" ಎರಡು ದಿನಕ್ಕೆ ವೈದ್ಯರ ಚೀಟಿ ಬೇಕೆಂಬುದು ನಿಮ್ಮ ನಿಯಮ. ಡಾಕ್ಟರು ಮಗುವಿನ ಮುಖವನ್ನೂ ನೋಡಲಿಲ್ಲ. ಶಾಲೆಯ ಹೆಸರು ಕೇಳಿದ ಕೂಡಲೇ ಪೆನ್ನಿನ ಮುಚ್ಚಳ ತೆಗೆದು, "ವೈರಲ್ ಹಾಕ್ಲಾ, ಹೊಟ್ಟೆನೋವು ಹಾಕ್ಲಾ?" ಎಂದರು. ತಿಂಡಿಗೆ ಇಡ್ಲಿಯೋ ದೋಸೆಯೋ ಎಂದು ಕೇಳಿದ ಹಾಗೆ.

ನನ್ನ ಕೈ ಏಕೆ ಅಷ್ಟು ಸಲೀಸಾಗಿ ಓಡಿತು ಎಂದು ಈಗ ಅನ್ನಿಸುತ್ತದೆ. ನಾನೂ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು. ನಮಗೆ ಕಲಿಸಿದ ಮೊದಲ ಪತ್ರವೇ ರಜೆ ಚೀಟಿ. ಅದರ ಮೊದಲ ಸಾಲು 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್'. ಮೂವತ್ತೈದು ಮಕ್ಕಳು ಮೈ ತಣ್ಣಗಿಟ್ಟುಕೊಂಡು ಅದನ್ನು ಹತ್ತು ಹತ್ತು ಸಲ ಬರೆದೆವು. ಬೇರೆ ಕಾರಣಕ್ಕೆ ರಜೆ ಕೇಳುವುದು ಹೇಗೆಂದು ಯಾರೂ ಕಲಿಸಲಿಲ್ಲ. ನಾನಾದರೂ ಕೇಳಲಿಲ್ಲ. ನಲವತ್ತೆರಡನೇ ವಯಸ್ಸಿನಲ್ಲಿ ಕಾಯಿಲೆಯ ಚೌಕಕ್ಕೆ ಟಿಕ್ ಹಾಕಿ, ಅದೇ ಸಾಲನ್ನು ಮಗಳ ಹೆಸರಿನಲ್ಲಿ ಬರೆದು ಸಹಿ ಹಾಕಿದೆ. ಬರೆಯುವಾಗ ನಮ್ಮ ಅತ್ತೆ ದೊಡ್ಡಗಂಗಮ್ಮ ಮಗುವಿನ ಕುತ್ತಿಗೆ ಮುಟ್ಟಿ ನೋಡಿ, "ಮೈ ತಣ್ಣಗೈತಲ್ಲಮ್ಮಾ! ಊರ್ಕೆ ಊರ್ಕೆ ಮಗೂಗೆ ಜ್ವರ ಅನ್ಬಾರ್ದು" ಎಂದರು. ಅವರು ಶಾಲೆಗೆ ಹೋದವರಲ್ಲ. ಸುಮ್ಮನೆ ಹೋದಲ್ಲಿ ಬಂದಲ್ಲಿ ಹೇಳುವ ಮಾತಲ್ಲ ಅದು ಎಂದು ಅವರಿಗೆ ಗೊತ್ತಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳಿಗೆ ಮಾತ್ರ ಹೇಳಿಕೊಟ್ಟೆ: "ಯಾರ್ ಕೇಳಿದ್ರೂ ಜ್ವರ ಇತ್ತು ಅನ್ನು."

ಮಕ್ಕಳು ನಾವು ಹೇಳಿದ್ದನ್ನು ಕೇಳುವುದಿಲ್ಲ ಎಂದು ದೂರುತ್ತೇವೆ. ಈ ಹುಡುಗಿ ಪೂರ್ತಿ ಕೇಳಿದಳು. ರೈಲಿನಲ್ಲಿ ಕಿಟಕಿಯ ಪಕ್ಕ ಮುದುರಿ ಕೂತಳು. ಅರಮನೆಯ ಆವರಣದಲ್ಲಿ ಬೇರೆ ಮಕ್ಕಳು ಓಡುತ್ತಿದ್ದರೆ ನನ್ನ ಸೆರಗು ಹಿಡಿದು ನಿಂತಳು. "ಓಡು ಹೋಗೇ" ಅಂದೆ. "ಜ್ವರ ಇರೋರು ಓಡ್ತಾರಾ ಅಮ್ಮಾ? ಯಾರಾದ್ರೂ ನೋಡಿದ್ರೆ?" ಅವಳನ್ನು ನಗಿಸಲು ಕಾಂತರಾಜ್ ಐಸ್‌ಕ್ರೀಮ್ ಕೊಡಿಸಿದರು. ಅದನ್ನೂ ಅವಳು ಆಚೀಚೆ ನೋಡಿಕೊಂಡು ತಿಂದಳು. ತಿನ್ನುವಾಗ ಅವರು ಒಂದು ಫೋಟೋ ತೆಗೆದರು. ಹಿಂಭಾಗಕ್ಕೆ ಹೋಗೋಣವೆಂದರೆ ಬರಲಿಲ್ಲ. ಅಲ್ಲೊಂದು ಶಾಲೆಯ ಮಕ್ಕಳು ಸಾಲಾಗಿ ಹೋಗುತ್ತಿದ್ದರು, ಜೊತೆಯಲ್ಲಿ ಮೇಷ್ಟ್ರಿದ್ದರು. ಯಾವ ಊರಿನ ಮೇಷ್ಟ್ರೋ! ಅವಳಿಗೆ ಮೇಷ್ಟ್ರೆಂದರೆ ಮೇಷ್ಟ್ರೇ. ನೋಡಲೆಂದು ಹೊರಟದ್ದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನೋಡಿ ಬಂದೆವು.

ಆ ಫೋಟೋವನ್ನು ನನ್ನ ಗಂಡ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದರು. ಮಾವಿನ ಸುದ್ದಿ ಬಿಟ್ಟರೆ ಬೇರೇನೂ ಹಾಕದ ಮನುಷ್ಯ, ಸಂತೋಷಕ್ಕೆ ಹಾಕಿದರು. ಅವರ ನಂಬರು ನಿಮ್ಮ ಬಳಿಯೂ ಇರುವುದು ಹೊಳೆಯಲಿಲ್ಲ.

ಸೋಮವಾರ ನೀವು ಕರೆಸಿದ್ದು ಯಾರನ್ನು? ಅರ್ಜಿಯ ಮೇಲೆ ಸಹಿ ನನ್ನದು. ಫೋಟೋ ಹಾಕಿದ್ದು ಅವಳ ಅಪ್ಪ. ಚೀಟಿ ಕೊಟ್ಟದ್ದು ಡಾಕ್ಟರು. ನಮ್ಮ ಮೂವರನ್ನೂ ಬಿಟ್ಟು, ನಾಲ್ಕು ದಿನವೂ ಆರೋಗ್ಯವಾಗಿದ್ದ ಆರು ವರ್ಷದ ಮಗುವನ್ನು ಕರೆಸಿದಿರಿ. ಫೋನು ಹಿಡಿದು, "ಅರಮನೇಲಿ ಎಷ್ಟು ಡಿಗ್ರಿ ಇತ್ತಮ್ಮಾ ಜ್ವರ?" ಎಂದು ಕೇಳಿದಿರಿ. ಅಲ್ಲಿದ್ದವರು ನಕ್ಕರಂತೆ. ಅವಳು ಅಮ್ಮನಿಗೆ ಕೊಟ್ಟ ಮಾತು ಬಿಡದೆ "ನಂಗೆ ಜ್ವರ ಇತ್ತು" ಎಂದಳು. ಸುಳ್ಳು ಹೇಳುತ್ತಾಳೆಂದು ಊಟದ ಬೆಲ್ ಹೊಡೆಯುವವರೆಗೆ ಕಚೇರಿಯ ಬಾಗಿಲಲ್ಲಿ ನಿಲ್ಲಿಸಿದಿರಿ. ಆ ಸುಳ್ಳು ಅವಳದೇ, ಸ್ವಾಮಿ? ನನ್ನದು. ಅರ್ಧ ನಿಮ್ಮ ಅಚ್ಚಿನ ಅರ್ಜಿಯದು. ಬಾಗಿಲಲ್ಲಿ ನಿಲ್ಲಬೇಕಾಗಿದ್ದವರು ನಾವಿಬ್ಬರು. ಇದನ್ನೆಲ್ಲ ರಮ್ಯ ನನಗೆ ಹೇಳಿದ್ದು ಎರಡು ದಿನ ಕಳೆದ ಮೇಲೆ, ತಲೆ ಬಾಚಿಸಿಕೊಳ್ಳುವಾಗ. ಆಗಲೇ ನಾನು ನಿಮ್ಮಲ್ಲಿಗೆ ಬರಬೇಕಿತ್ತು. ಬಂದರೆ ಚೀಟಿ ಸುಳ್ಳೆಂದು ಒಪ್ಪಬೇಕಲ್ಲ ಎಂದು ಸುಮ್ಮನಾದೆ. ಆ ಸುಮ್ಮನಿದ್ದದ್ದೇ ಈಗ ನನ್ನನ್ನು ಕೂರಲು ಬಿಡುತ್ತಿಲ್ಲ.

ಕಳೆದ ಗುರುವಾರ ಹನ್ನೊಂದೂವರೆಗೆ ಅವಳ ತರಗತಿಯ ಕೌಸರ್ ಮಿಸ್ ಫೋನ್ ಮಾಡಿದರು. "ಮೇಡಂ, ಬೇಗ ಬನ್ನಿ. ಮಗು ಮೈ ಕೆಂಡ ಆಗಿದೆ. ಬೆಂಚ್ ಮೇಲೆ ತಲೆ ಇಟ್ಕೊಂಡಿತ್ತು, ಮುಟ್ಟಿದ್ ತಕ್ಷಣ ಎದ್ದು ಕೂತ್ಕೊಂಡು 'ಜ್ವರ ಇಲ್ಲ ಮಿಸ್, ನಂಗೆ ಜ್ವರ ಇಲ್ಲ' ಅಂತ ಅಳ್ತಿದೆ." ನಾನು ಹೋದಾಗ ಆ ಟೀಚರು ತಮ್ಮ ದುಪಟ್ಟಾ ಒದ್ದೆ ಮಾಡಿ ಹಣೆಗೆ ಒತ್ತುತ್ತಿದ್ದರು. ಥರ್ಮಾಮೀಟರ್ ನೂರಾಮೂರು ತೋರಿಸಿತು. ಆಟೋದಲ್ಲಿ ಕೇಳಿದೆ, "ಬೆಳಗ್ಗೇನೇ ಯಾಕೆ ಹೇಳ್ಲಿಲ್ಲ ಚಿನ್ನಾ?"

"ಜ್ವರ ಅಂದ್ರೆ ಬಾಗ್ಲಲ್ಲಿ ನಿಲ್ಲಿಸ್ತಾರಲ್ಲಮ್ಮಾ."

ಈಗ ಇಳಿದಿದೆ. ಗಂಜಿ ಕುಡಿಯುತ್ತಾಳೆ, ಅಜ್ಜಿಯ ಜೊತೆ ಜಗಳವಾಡುತ್ತಾಳೆ. ಆದರೆ ನಾನು ಹಣೆ ಮುಟ್ಟಲು ಕೈ ಚಾಚಿದರೆ ಇನ್ನೂ ಮುಖ ತಿರುಗಿಸುತ್ತಾಳೆ. ಗಂಟೆಗೊಮ್ಮೆ ಎದ್ದು ಹೋಗಿ ಕೈ ಚಾಚುತ್ತೇನೆ, ಗಂಟೆಗೊಮ್ಮೆ ಮುಖ ತಿರುಗಿಸುತ್ತಾಳೆ.

ನನ್ನ ಬೇಡಿಕೆ ಎರಡೇ. ಆ ಅರ್ಜಿಯಲ್ಲಿ ಮೂರು ಚೌಕಗಳ ಕೆಳಗೆ ಒಂದು ಖಾಲಿ ಗೆರೆ ಎಳೆಸಿ. ಅಲ್ಲಿ ಅಪ್ಪ ಅಮ್ಮಂದಿರು ನಿಜವಾದ ಕಾರಣ ಬರೆಯಲಿ. ಬೇಡವಾದರೆ ನಿರಾಕರಿಸಿ, ಅದು ನಿಮ್ಮ ಅಧಿಕಾರ. ಎರಡನೆಯದು, ಅರ್ಜಿಯಲ್ಲಿ ತಪ್ಪಿದ್ದರೆ ಸಹಿ ಮಾಡಿದವರನ್ನು ಕರೆಸಿ. ನಾನು ಬರುವ ಸೋಮವಾರ ಹತ್ತು ಗಂಟೆಗೆ ನಿಮ್ಮ ಕಚೇರಿಯ ಬಾಗಿಲಲ್ಲಿ ಇರುತ್ತೇನೆ, ಊಟದ ಬೆಲ್ ಹೊಡೆಯುವವರೆಗೆ. ರಮ್ಯ ತನ್ನ ತರಗತಿಯ ಕಿಟಕಿಯಿಂದ ನೋಡಲಿ. ಕೈಯಲ್ಲಿ ಹೊಸ ಅರ್ಜಿ ಇರುತ್ತದೆ. ಚೌಕಗಳಿಗೆ ಟಿಕ್ ಹಾಕಿಲ್ಲ. ಪಕ್ಕದಲ್ಲಿ ಹೀಗೆ ಬರೆದಿದ್ದೇನೆ: 'ಮಗು ಆರೋಗ್ಯವಾಗಿದ್ದಾಳೆ. ಅರಮನೆಯ ಹಿಂಭಾಗ ನೋಡುವುದು ಬಾಕಿ ಇದೆ.'

ಇಂತಿ,
ಸುಳ್ಳು ಜ್ವರಕ್ಕೆ ನಿಜವಾದ ಸಹಿ ಹಾಕಿದ ತಾಯಿ,
ಶೋಭಾರಾಣಿ
ಶ್ರೀನಿವಾಸಪುರ