ಹುರಿದ ಗಿಂಕ್ಗೊ ಬೀಜ

ಅಕ್ಟೋಬರ್ 23, ಮಧ್ಯಾಹ್ನ

ಒಕ್‌ಬುನ್, ಹೇಗಿದ್ದೀಯೆ ತಂಗಿ? ನಿನ್ನ ಯಜಮಾನರ ಸೊಂಟ ನೆಟ್ಟಗಾಯಿತೇ? ನಿನ್ನ ಮಗ ದೊಕ್‌ಸುವಿನ ಕೆಮ್ಮು? ಇಲ್ಲಿ ಎಲ್ಲ ಸರಿ. ಇನ್‌ಸಿಕ್ ಸೌದಿಯಿಂದ ಫೋಟೋ ಕಳಿಸಿದ್ದಾನೆ — ನನ್ನ ಮಗ ಸುಟ್ಟ ಗೆಣಸಿನ ಹಾಗಾಗಿದ್ದಾನೆ. ಇದೇನೂ ಅಂಚೆಗೆ ಹಾಕುವ ಕಾಗದವಲ್ಲ. ದಿನಾ ನಿನ್ನೊಡನೆ ಮಾತಾಡಿದ ಹಾಗೆ ಬರೆದುಕೊಳ್ಳುವುದು, ಅಷ್ಟೆ.

ಮೊಮ್ಮಗಳು ಬೋರಾ ಮತ್ತೆ ಹಾಸಿಗೆ ಒದ್ದೆ ಮಾಡಿದಳು. ಐದು ತುಂಬಿದರೂ ಬಿಟ್ಟಿಲ್ಲ. ಸೊಸೆ ಮಿರಾನ್ ಬೈಯುವುದಿಲ್ಲ, ಹೊಡೆಯುವುದಿಲ್ಲ, ಸುಮ್ಮನೆ ಒಗೆಯುತ್ತಾಳೆ. ನಾನೇ ಔಷಧಿ ಶುರುಮಾಡಿದೆ. ಬೀದಿಯ ಗಿಂಕ್ಗೊ ಮರದಡಿ ಬಿದ್ದ ಹಣ್ಣು ಆಯ್ದು, ನಾರುವ ತಿರುಳು ತೊಳೆದು, ಬೀಜ ಹುರಿದುಕೊಟ್ಟೆ. ಅಮ್ಮ ನಮಗೆ ಕೊಡುತ್ತಿದ್ದಳಲ್ಲ, ಹಾಗೇ.

"ಇನ್ನೊಂದು ಕೊಡಜ್ಜಿ!"

"ತಿನ್ನೇ, ಇಲಿಮರಿ."

ಬಟ್ಟಲು ಖಾಲಿ.

ಅಕ್ಟೋಬರ್ 24, ಬೆಳಿಗ್ಗೆ, ಆಸ್ಪತ್ರೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಬೋರಾ ವಾಂತಿ ಮಾಡಿಕೊಂಡಳು. ನೋಡನೋಡುತ್ತಿದ್ದಂತೆ ಕಣ್ಣು ಮೇಲೆ ಸಿಕ್ಕಿಕೊಂಡವು. ಮೈ ಕೊರಡು. ಆಮೇಲೆ ಕೈಕಾಲು ಸೆಳೆತ, ಬಾಯಲ್ಲಿ ನೊರೆ... ಪಕ್ಕದ ಮನೆಯ ಮಾಲ್ಸುನ್ ಓಡಿಬಂದಳು.

"ಇದ್ದಲು ಒಲೆ ಗ್ಯಾಸು ಕಣ್ರೀ! ಕಿಟಕಿ ತೆಗೀರಿ!"

ಗ್ಯಾಸಿಗೆ ಮದ್ದೆಂದು ಮೂಲಂಗಿ ಹುಳಿನೀರು ತಂದು ಬಾಯಿಗೆ ಸುರಿಯಹೋದಳು. ಮಿರಾನ್ ಬಟ್ಟಲನ್ನೇ ತಟ್ಟಿ ಎಸೆದಳು. ಮಗುವನ್ನು ಮಗ್ಗುಲಿಗೆ ಹೊರಳಿಸಿ ತಲೆಯಡಿ ತನ್ನ ಸ್ವೆಟರ್ ಇಟ್ಟಳು.

"ಬಾಯಿಗೇನೂ ಹಾಕ್ಬೇಡಿ. ಅದುಮಿ ಹಿಡೀಬೇಡಿ."

"ಎಲ್ಲಿ ಕಲಿತ್ಯೇ ಇದನ್ನ?"

"ನನ್ನ ತಮ್ಮನಿಗಿದೆ, ಅತ್ತೆ. ಮೂರ್ಛೆರೋಗ. ಮದುವೇಲಿ ಮುಚ್ಚಿಟ್ರು."

ನೀನು ಕುದುರಿಸಿದ ಸಂಬಂಧ, ಒಕ್‌ಬುನ್! ನಿನಗೂ ಮೋಸ ಮಾಡಿದರಲ್ಲ!

ಟ್ಯಾಕ್ಸಿಯಲ್ಲೇ ಅಂದೆ: "ನಿಮ್ಮನೆ ರೋಗ ನನ್ನ ಮೊಮ್ಮಗಳಿಗೆ ತಂದ್ಯಾ? ಮಗು ಎದ್ದು ಮನೆಗೆ ಬಂದ ದಿನ ಗಂಟು ಕಟ್ಟು."

"ಹೂಂ" ಅಂದಳು. ಅಷ್ಟೆ.

ಇಲ್ಲಿಗೆ ಬಂದ ಮೇಲೂ ಫಿಟ್ಸ್ ಬಂತು. ಮತ್ತೆ ಬಂತು.

ಅದೇ ದಿನ, ಸಂಜೆ

ದೊಡ್ಡ ಡಾಕ್ಟರಮ್ಮ ಬಂದರು. ಜ್ವರವಿತ್ತೇ? ತಲೆಗೆ ಪೆಟ್ಟು? ಹೆರಿಗೆ ಕಷ್ಟವಾಗಿತ್ತೇ? ಹಂದಿಯ ಹುಳ ಮಿದುಳಿಗೂ ಹೋಗುತ್ತದಂತೆ, ಅದನ್ನೂ ಕೇಳಿದರು. ಎಲ್ಲಕ್ಕೂ ಇಲ್ಲ. ಮನೆಯಲ್ಲಿ ಯಾರಿಗಾದರೂ?

ಮಿರಾನ್ ತಲೆ ತಗ್ಗಿಸಿ ಹೇಳಿದಳು. ತಮ್ಮ ಬೀಳುವುದು ಅಪರೂಪ. ಹೆಚ್ಚಾಗಿ ಊಟದ ನಡುವೆ ದಿಟ್ಟಿ ನೆಟ್ಟು, ತುಟಿ ಚಪ್ಪರಿಸುತ್ತಾ, ಅಂಗಿಯ ಗುಂಡಿ ತಡಕುತ್ತಾನೆ. ಕರೆದರೆ ಕೇಳದು. ಊರವರು ದೆವ್ವ ಅನ್ನುತ್ತಾರೆ.

"ದೆವ್ವ ಅಲ್ಲಮ್ಮ, ಅದೂ ಫಿಟ್ಸೇ. ಮಿದುಳಿನ ಒಂದು ಮೂಲೇಲಿ ಏಳುತ್ತೆ. ಪೂರ್ತಿ ಹರಡಿದಾಗ ಬೀಳ್ತಾರೆ. ಮಾತ್ರೆ ಇದೆ. ಆದ್ರೆ ಈ ಮಗೂದು ಬೇರೆ ಅನ್ಸುತ್ತೆ. ನಿನ್ನೆ ಏನು ತಿಂದ್ಳು?"

"ಎಲ್ರೂ ತಿನ್ನೋದೇ. ಅನ್ನ, ಕಿಮ್ಚಿ, ಗಿಂಕ್ಗೊ ಬೀಜ..." ಅಂದೆ.

ಅವರ ಪೆನ್ನು ನಿಂತಿತು. "ಎಷ್ಟು?"

"ಬಟ್ಟಲು ತುಂಬ. ಕೊಟ್ಟೋಳು ನಾನೇ."

ನರ್ಸನ್ನು ಕೂಗುತ್ತಾ ಓಡಿದರು. ಒಂದು ಇಂಜೆಕ್ಷನ್. ಬರೀ ವಿಟಮಿನ್ನಂತೆ, ಒಕ್‌ಬುನ್! ಮೈಯಲ್ಲಿ ಆ ವಿಟಮಿನ್ನು ಮಾಡುವ ಕೆಲಸವನ್ನು ಈ ಬೀಜ ಕೆಡಿಸುತ್ತದಂತೆ. ಸಣ್ಣವರಿಗೆ ಹೆಚ್ಚಾದರೆ ವಿಷವೇ.

ಫಿಟ್ಸ್ ನಿಂತಿದೆ. ಮಿರಾನ್ ಮುಖ ನೋಡಲು ಆಗುತ್ತಿಲ್ಲ.

ಅಕ್ಟೋಬರ್ 27

ಮನೆಗೆ ಬಂದೆವು. ಇದು ಮೂರ್ಛೆರೋಗವಲ್ಲ, ಬೀಜ ಕೊಡಬೇಡಿ ಸಾಕು ಅಂದರು ಡಾಕ್ಟರಮ್ಮ. ನಾನು ಬಚ್ಚಲಿಂದ ಬರುವಷ್ಟರಲ್ಲಿ ಬಾಗಿಲ ಬಳಿ ಬಟ್ಟೆಗಂಟು.

"ಎಲ್ಲಿಗೆ?"

"ನೀವೇ ಹೇಳಿದ್ರಲ್ಲ, ಅತ್ತೆ."

"ಮಗೂಗೆ ಗಂಜಿ ಯಾರು ಕುಡಿಸ್ತಾರೆ?"

"ನೀವೇ ಕುಡಿಸಿ. ಬೀಜ ಮಾತ್ರ ಬೇಡ."

ಅಂದೇಬಿಟ್ಟಳು! ಮದುವೆಯಾಗಿ ಬಂದ ಮೇಲೆ ಮೊದಲ ಸಲ ತಿರುಗಿ ಮಾತಾಡಿದ್ದು. ಹೋಗಿ ಗಂಟಿನ ಮೇಲೆ ಕೂತುಬಿಟ್ಟೆ.

"ಏಳಿ ಅತ್ತೆ, ಒಳಗೆ ಕನ್ನಡಿ ಇದೆ."

"ಒಡೀಲಿ. ತಪ್ಪು ನನ್ನದು ಕಣಮ್ಮ, ಎಲ್ಲೂ ಹೋಗ್ಬೇಡ. ನಿನ್ನ ತಮ್ಮನ್ನ ಕರೆಸು, ಆ ಡಾಕ್ಟರಮ್ಮಂಗೆ ತೋರಿಸೋಣ."

ಅಡುಗೆಮನೆಗೆ ಹೋದಳು. ಒಲೆ ಹಚ್ಚಲೋ, ಅಳಲೋ... ಬಹಳ ಹೊತ್ತು ಗಂಟಿನ ಮೇಲೇ ಕೂತಿದ್ದೆ.

ಅಕ್ಟೋಬರ್ 30

ಈ ಹಾಳೆಯನ್ನು ಮಾತ್ರ ಹರಿದು ಅಂಚೆಗೆ ಹಾಕುತ್ತೇನೆ.

ಒಕ್‌ಬುನ್, ಮಿರಾನ್ ಇಂದು ಅನ್ನ ಬಡಿಸುತ್ತಾ ಹೇಳಿದಳು — ಅವಳ ತಮ್ಮನ ವಿಷಯ ನಿನಗೆ ಮೊದಲೇ ಗೊತ್ತಿತ್ತಂತೆ. ನಿಜವೇ? ಗೊತ್ತಿದ್ದೂ ಅಕ್ಕನ ಮುಂದೆ ನಗುನಗುತ್ತಾ ಕೂತಿದ್ದೆಯಾ?

ಬೈಯುತ್ತೇನೆಂದು ಹೆದರಬೇಡ. ಅಂದು ನೀನು ಬಾಯಿ ಬಿಟ್ಟಿದ್ದರೆ ಈ ಹುಡುಗಿಯನ್ನು ಬೇಡವೆನ್ನುತ್ತಿದ್ದೆ. ಆಗ ಬೋರಾಳೂ ಇಲ್ಲ, ಮೊನ್ನೆ ಫಿಟ್ಸ್ ಬಂದಾಗ ಅವಳನ್ನು ಮಗ್ಗುಲಿಗೆ ಹೊರಳಿಸಿದ ಈ ತಾಯಿಯೂ ಇಲ್ಲ.

ಬೇಗ ಕಾಗದ ಬರೆ, ತಂಗಿ. ಗೊತ್ತಿತ್ತು ಅಂತಲೇ ಬರೆ. ನಾನು ನಿನಗೆ ಋಣಿ ಅನ್ನಬೇಕು.