ಪಾಠ ಮುಗಿದಿರಲಿಲ್ಲ

ಹೆಗ್ಗದ್ದೆ ಶಾಲೆಯ ಕ್ವಾರ್ಟರ್ಸ್,
೮ ಜುಲೈ ೨೦೦೪

ಸುನಿಲ್‌ಕುಮಾರ್ ಅವರಿಗೆ,

ಮದುವೆಯಾದ ಮೇಲೆ ನಿಮ್ಮ ಹೆಸರು ಹಿಡಿದು ಬರೆಯುತ್ತಿರುವುದು ಇದೇ ಮೊದಲು.

ನಿಮ್ಮ ಕಾಗದ ತಲುಪಿತು. ಭಾನುವಾರ ಆಲೂರಿನ ಮನೆಯಲ್ಲಿ ನಿಮ್ಮ ದೊಡ್ಡಪ್ಪ ಜವರಯ್ಯನವರು ಪಂಚಾಯ್ತಿಗೆ ಕೂರುತ್ತಾರೆ, ನಾನು ಶಾಲೆಯ ಕೆಲಸ ಬಿಟ್ಟು ತಪ್ಪಾಯಿತು ಎಂದರೆ ಸೇರಿಸಿಕೊಳ್ಳುತ್ತೀರಿ ಎಂದು ಬರೆದಿದ್ದೀರಿ. ನಾನು ಬರುವುದಿಲ್ಲ.

ತಪ್ಪು ಯಾವುದೆಂದು ನೀವು ಬರೆದಿಲ್ಲ. ಆ ದಿನ ನಡೆದದ್ದನ್ನು ನಾನೇ ಬರೆಯುತ್ತೇನೆ. ದೊಡ್ಡಪ್ಪನವರಿಗೆ ಓದಿ ಹೇಳಿ.

ನಾನು ಮೈಸೂರಿನಲ್ಲಿ ಡಿಗ್ರಿಗೆ ಫ್ರೆಂಚ್ ಓದಿದವಳೆಂದು ಈ ಶಾಲೆಯವರು ಒಂದು ಪಾಠ ಮಾಡಿ ತೋರಿಸಲು ಕರೆದಿದ್ದರು. ನಿಮಗೆ ಹೇಳಿಯೇ ಬಂದಿದ್ದೆ. ಒಂದೇ ಮೂಲದ ಮೂರು ಪದಗಳನ್ನು ಆರಿಸಿಕೊಂಡೆ. ‘ಉನೀರ್’ ಎಂದರೆ ಕೂಡಿಸುವುದು, ‘ರೇಉನೀರ್’ ಎಂದರೆ ಮತ್ತೆ ಕೂಡಿಸುವುದು, ‘ದೇಜುನೀರ್’ ಎಂದರೆ ಅಗಲಿಸುವುದು. ಮಕ್ಕಳು ಚಪ್ಪಾಳೆ ತಟ್ಟುತ್ತ ಪದ ಬಿಡಿಸುತ್ತಿದ್ದರು: ಉ-ನೀರ್, ರೇ-ಉ-ನೀರ್. ಮೂರನೆಯದನ್ನು ಎಲ್ಲರೂ ದೇಸ್-ಉ-ನೀರ್ ಎಂದರು. ಹಾಗಲ್ಲ, ‘ದೇಸ್’ನ ಕೊನೆಯ ಅಕ್ಷರ ಮುಂದಿನ ‘ಉ’ ಜೊತೆ ಸೇರಿ ‘ಜು’ ಆಗುತ್ತದೆ, ದೇ-ಜು-ನೀರ್ ಎಂದೆ. ರಶ್ಮಿತಾ ಎಂಬ ಹುಡುಗಿ ಎದ್ದು ನಿಂತು, “ಹಂಗಾದ್ರೆ ಮೂಲ ಪದನೇ ಮುರ್ದೋಯ್ತಲ್ಲ ಮಿಸ್?” ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ನೀವು.

“ಸಾಕು ಈ ನಾಟ್ಕ. ಮನೇಲಿ ಬೇಯ್ಸಿ ಹಾಕೋರಿಲ್ಲ, ಇಲ್ಲಿ ಫ್ರೆಂಚಂತೆ! ನಡಿ ಮನೆಗೆ.”

ಮಕ್ಕಳು, ಹೆಡ್‌ಮಿಸ್ಟ್ರೆಸ್, ಎಲ್ಲರ ಮುಂದೆ. ಮೇಜು ಹಿಡಿದುಕೊಂಡೆ. “ಪಾಠ ಇನ್ನೂ ಮುಗ್ದಿಲ್ಲ. ಹೊರ್ಗೆ ಕೂತಿರಿ,” ಎಂದೆ. ನಿಮಗೆ ಬೆನ್ನು ಮಾಡಿ ಆ ಹುಡುಗಿಗೆ ಉತ್ತರ ಹೇಳಿದೆ: ಬಾಯಲ್ಲಿ ಬಿಡಿಸುವಾಗ ಹಾಗೆ ಕೇಳಿಸುತ್ತದೆ ಮಗು, ಮೂಲ ಎಲ್ಲಿಗೂ ಹೋಗುವುದಿಲ್ಲ.

ಸಂಜೆ ಮನೆಗೆ ಬಂದರೆ ನನ್ನ ಬಟ್ಟೆಗಳು ಜಗಲಿಯ ಮೇಲೆ ಬಿದ್ದಿದ್ದವು. ಬಾಗಿಲು ತಟ್ಟಿದೆ. ಒಳಗೆ ಟೀವಿಯ ಸದ್ದು ಜಾಸ್ತಿಯಾಯಿತು. ಬಟ್ಟೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಸಕಲೇಶಪುರದವರೆಗೂ ಅಳುತ್ತಲೇ ಬಂದೆ, ಆಮೇಲೆ ಅಳಲಿಲ್ಲ. ಹೆಡ್‌ಮಿಸ್ಟ್ರೆಸ್ ಕ್ವಾರ್ಟರ್ಸಿನ ಬೀಗದ ಕೈ ಕೊಟ್ಟರು. ಮಾರನೆಯ ದಿನವೇ ಕೆಲಸಕ್ಕೆ ಸೇರಿದೆ.

ಈಗಲೂ ಗೇಟಿನಲ್ಲಿ ಸ್ಕೂಟರ್ ನಿಂತ ಸದ್ದಾದರೆ ಕಿಟಕಿಗೆ ಹೋಗಿ ನೋಡುತ್ತೇನೆ. ಅದನ್ನೂ ದೊಡ್ಡಪ್ಪನವರಿಗೆ ಓದಿ, ನನಗೇನೂ ನಾಚಿಕೆಯಿಲ್ಲ. ಆದರೆ ನಾವು ಕೂಡಿ ಬಾಳುವುದಕ್ಕೆ ಪಂಚಾಯ್ತಿ ಬೇಡ. ಮನಸ್ಸಿದ್ದರೆ ನೀವೊಬ್ಬರೇ ಬನ್ನಿ. ಕೆಲಸ ಬಿಡುವ ಮಾತೆತ್ತಿದರೆ ಬಂದ ದಾರಿಯಲ್ಲೇ ವಾಪಸ್ಸು ಹೋಗಿ.

ಇಂತಿ,
ಶೀಲಾ
ಫ್ರೆಂಚ್ ಅಧ್ಯಾಪಕಿ

ವಿ.ಸೂ.: ನಿಮ್ಮ ಅವ್ವ ಕೆಂಚಮ್ಮನವರನ್ನು ಹಾನುಬಾಳಿನ ಚಿಕ್ಕಮ್ಮನ ಮನೆಯಲ್ಲಿ ಹುಡುಕಬೇಡಿ. ಅಲ್ಲಿಗೆಂದು ಹೊರಟವರು ಮೊನ್ನೆಯಿಂದ ಇಲ್ಲಿ ನನ್ನ ಜೊತೆ ಇದ್ದಾರೆ. ಈ ಕಾಗದವನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ನಾನೂ ಬರಕ್ಕಿಲ್ಲ ಅಂತ ಸೇರ್ಸಿ ಬರಿ ಕಣವ್ವ,” ಎಂದರು. ಬರೆದಿದ್ದೇನೆ.