ಅಡುಗೆಯ ಶಿವನಂಜಮ್ಮ ಮತ್ತು ತಮ್ಮ ನೆಮ್ಮದಿ ಶಿಬಿರ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಕೊಳ್ಳೇಗಾಲದಲ್ಲಿ ತಾವು ನಡೆಸಿದ ‘ಶಾಲಾ ಸಿಬ್ಬಂದಿಯ ಮಾನಸಿಕ ನೆಮ್ಮದಿ ಶಿಬಿರ’ ಅತ್ಯಂತ ಯಶಸ್ವಿಯಾಯಿತೆಂದು ತಮ್ಮ ಪ್ರಕಟಣೆಯಲ್ಲಿ ಓದಿದೆ. ಅದೇ ಶಿಬಿರದ ಅಂಗಳದಲ್ಲಿ ಎರಡೂ ತೋಳು ಸುಟ್ಟುಕೊಂಡ ಶಿವನಂಜಮ್ಮನವರನ್ನು ‘ಮಾನಸಿಕವಾಗಿ ಅಸಮರ್ಥರು’ ಎಂದು ಕೆಲಸದಿಂದ ತೆಗೆದುಹಾಕಿದ ಆದೇಶವನ್ನೂ ಓದಿದೆ. ಎರಡರಲ್ಲೂ ಸಹಿ ಒಂದೇ, ಎಲ್ಲಿಯೂ ಕೈ ನಡುಗಿಲ್ಲ. ನೆಮ್ಮದಿಯ ತರಬೇತಿ ತಮಗಂತೂ ಫಲ ಕೊಟ್ಟಿದೆ. ಅಭಿನಂದನೆಗಳು.

ಆಕೆ ಯಾರೆಂದು ತಮಗೆ ಮರೆತಿರಬಹುದು. ಹನೂರಿನಾಚೆ ಕಾಡಂಚಿನ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವರು. ಸ್ವಂತ ಮಕ್ಕಳಿಲ್ಲ, ಶಾಲೆಯ ಮಕ್ಕಳಿಗೆಲ್ಲ ದೊಡ್ಡವ್ವ. ಜ್ವರ ಬಂದ ಮಗುವಿಗೆ ಬೇರೆಯಾಗಿ ಗಂಜಿ ಕಾಯಿಸುತ್ತಿದ್ದರು. ಒಲೆಯಿಂದ ಇಳಿಸಿದ ಸಾಂಬಾರಿನ ಡಬರಿಯನ್ನು ನೆಲದ ಮೇಲೆಯೇ ಇಡಬೇಕಿತ್ತು. ಒಂದು ಕಟ್ಟೆ ಕಟ್ಟಿಸಿ, ಅಡುಗೆಕೋಣೆಗೆ ಬಾಗಿಲು ಹಾಕಿಸಿ ಎಂದು ನಾವು ಕೇಳುತ್ತಲೇ ಇದ್ದೆವು, ತಾವು ಪರಿಶೀಲಿಸುತ್ತಲೇ ಇದ್ದಿರಿ. ಕಳೆದ ಆಷಾಢದಲ್ಲಿ ಎರಡನೇ ತರಗತಿಯ ಧನುಶ್ರೀ, ತಟ್ಟೆ ಹಿಡಿದು ಓಡಿಬಂದವಳು, ಕಾಲು ಜಾರಿ ಆ ಡಬರಿಗೆ ಬಿದ್ದಳು. ಎತ್ತಿಕೊಂಡವರು ಶಿವನಂಜಮ್ಮ. ಮೈಸೂರಿನ ಆಸ್ಪತ್ರೆ ಮುಟ್ಟುವವರೆಗೂ ತೊಡೆಯ ಮೇಲೆ ಮಲಗಿಸಿಕೊಂಡಿದ್ದವರೂ ಅವರೇ. ಮಗು ಉಳಿಯಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನವೇ ಒಲೆ ಹಚ್ಚಬೇಕೆಂದು ತಮ್ಮ ಕಚೇರಿಯಿಂದ ಫೋನ್ ಬಂತು. ಊಟ ನಿಂತರೆ ತಾವು ಮೇಲಿನವರಿಗೆ ಉತ್ತರ ಕೊಡಬೇಕಲ್ಲ! ಶಿವನಂಜಮ್ಮ ಅದೇ ಡಬರಿಯನ್ನು ತೊಳೆದು, ಅದರಲ್ಲೇ ಬೇಯಿಸಿದರು. ಅಂದಿನಿಂದ ಅವರು ಸಾಂಬಾರು ಬಾಯಿಗಿಡಲಿಲ್ಲ. ಮಕ್ಕಳು ಹತ್ತಿರ ಬಂದರೆ ಸೌಟು ಬಿಸುಟು ಕಿರುಚುತ್ತಿದ್ದರು. ನಾನೇ ಅವರನ್ನು ತಮ್ಮ ಬಳಿ ಕರೆತಂದೆ.

“ಒಲ ಮುಂದ ನಿಂತ್ಕಂಡ್ರ ಆ ಕೂಸು ಕಣ್ಮುಂದ ಬತ್ತದ ಸಾ. ಕಸ ಗುಡಿಸ್ತೀನಿ, ಕಕ್ಕಸ್ ತೊಳಿತೀನಿ. ಒಲ ಒಂದ್ ಮಾತ್ರ ಬ್ಯಾಡಿ ಸಾ” ಎಂದು ಕೈ ಮುಗಿದರು.

ಯಾರಾದರೂ ಮನೋವೈದ್ಯರಿಗೆ ತೋರಿಸೋಣ ಎಂದೆ ನಾನು. ತಾವು ತಲೆಯೆತ್ತದೆ, “ಅದೆಲ್ಲ ನೌಕರರಿಗೆ ಮೇಡಂ. ಇವರು ಗೌರವಧನದವರು” ಎಂದಿರಿ. ಹಾಗಾದರೆ ಅದಕ್ಕೆ ಮುಂಚೆ, ಮಗು ಸತ್ತಾಗ, ಇದೇ ಗೌರವಧನದವರಿಗೆ ‘ಕರ್ತವ್ಯಲೋಪ’ದ ನೋಟಿಸು ಕೊಟ್ಟವರು ಯಾರು? ತಪ್ಪು ಹೊರಲು ನೌಕರರಾದವರು ಔಷಧದ ಹೊತ್ತಿಗೆ ಹೊರಗಿನವರಾದದ್ದು ಯಾವ ನಿಯಮದಲ್ಲಿ? ಆ ನಿಯಮವನ್ನು ದಯಮಾಡಿ ಮಕ್ಕಳ ಪಠ್ಯದಲ್ಲಿ ಸೇರಿಸಿ; ಲೋಕ ಹೇಗೆ ನಡೆಯುತ್ತದೆಂದು ಬೇಗ ತಿಳಿಯಲಿ.

ಆದರೂ ತಾವು ಅವರನ್ನು ನೆಮ್ಮದಿ ಶಿಬಿರಕ್ಕೆ ಕರೆಸಿದಿರಿ. ಅಡುಗೆ ಮಾಡಲು! ಒಳಗೆ ಫ್ಯಾನಿನ ಕೆಳಗೆ ತಜ್ಞರೊಬ್ಬರು ನಮಗೆಲ್ಲ ಕಣ್ಣು ಮುಚ್ಚಿಸಿ, “ಮನಸ್ಸಿನ ಭಾರ ಇಳಿಸಿ” ಎನ್ನುತ್ತಿದ್ದರು. ಹೊರಗೆ ಶಿವನಂಜಮ್ಮ ನಮಗಾಗಿ ಸಾಂಬಾರು ಕುದಿಸುತ್ತಿದ್ದರು. ಶಿಕ್ಷಕಿಯೊಬ್ಬರ ಪುಟ್ಟ ಮಗಳು ಚೆಂಡಿನ ಹಿಂದೆ ಅಂಗಳದಲ್ಲಿ ಓಡಿದಳು, ಒಲೆಯಿಂದ ಬಹಳ ದೂರದಲ್ಲಿ.

“ಬರ್ಬ್ಯಾಡ ಕೂಸೇ! ಅತ್ತಗ ಓಗು!”

ಆ ಕೂಗಿಗೆ ನಾನು ಎದ್ದು ಓಡಿದೆ. ಶಿವನಂಜಮ್ಮ ಕುದಿಯುವ ಡಬರಿಯನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಕೂತಿದ್ದರು, ಮಗು ಬೀಳದಿರಲೆಂದು. ಬಿಡಿಸಲು ಇಬ್ಬರು ಬೇಕಾಯಿತು.

ತಾವೂ ಹೊರಗೆ ಬಂದಿರಿ. “ಇಂಥವರನ್ನ ಯಾಕ್ರೀ ಕರ್ಕೊಂಡ್ ಬರ್ತೀರಿ? ಈಗ ಊಟಕ್ಕೇನು ಮಾಡೋದು?” ಅವರನ್ನು ಕರೆಸಿದ ತಮ್ಮ ಮೊದಲ ಮಾತು ಇದು. ಎರಡನೆಯದನ್ನು ತಾವು ಹೋಟೆಲಿನವನ ಜೊತೆ ಫೋನಿನಲ್ಲಿ ಆಡಿದಿರಿ. ಆಸ್ಪತ್ರೆಗೆ ಆಟೋ ಹುಡುಕಿದ್ದು ನಾನು. ತಾವು ಉಂಡು ಕೈ ತೊಳೆದುಕೊಂಡಿರಿ. ಆ ವಿಷಯದಲ್ಲಿ ತಮ್ಮ ಸಾಮರ್ಥ್ಯವನ್ನು ಯಾರೂ ಪ್ರಶ್ನಿಸುವಂತಿಲ್ಲ.

ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಬೆರಳ ತುದಿಯಿಂದ ಮೊಣಕೈವರೆಗೆ ಪಟ್ಟಿ ಸುತ್ತಿದೆ. ಎದುರು ಕೂತು ಮುದ್ದೆ ಮುರಿದು ಅವರ ಬಾಯಿಗಿಡುತ್ತಿದ್ದವಳು ಸಿಂಧು, ಧನುಶ್ರೀಯ ತಾಯಿ. ದಿನವೂ ಎರಡು ಹೊತ್ತು ಬರುತ್ತಾಳಂತೆ. ನನ್ನ ಮುಖ ನೋಡಿ ತಾನಾಗಿಯೇ ಹೇಳಿದಳು: “ನನ್ ಕೂಸ್ಗ ಕಡೇ ತೊಟ್ಟು ನೀರು ಬುಟ್ಟವ್ರು ಇವ್ರೇಯ ಕಣಿ ಮೇಡಮ್ಮು. ಇವ್ರ್ಗ ಒಂದ್ ತುತ್ತ ನಾ ಕೊಡ್ದಿದ್ರ ಇನ್ಯಾರ್ ಕೊಟ್ಟಾರು?”

ಆ ಹೆಣ್ಣಿಗೆ ತಿಳಿದದ್ದನ್ನು ತಮಗೆ ತಿಳಿಸಲು ಯಾವ ತಜ್ಞರನ್ನು ಕರೆಸಲಿ?

ಆದೇಶ ಹಿಂಪಡೆಯಿರಿ. ಅವರ ತೋಳಿಗೂ ಮನಸ್ಸಿಗೂ ಇಲಾಖೆಯೇ ಚಿಕಿತ್ಸೆ ಕೊಡಿಸಲಿ. ಒಲೆಯಿಲ್ಲದ ಕೆಲಸ ಕೊಡಿ. ಆಗುವುದಿಲ್ಲವೆಂದರೆ, ಆ ಆದೇಶ ಹಿಡಿದು ತಾವೇ ನಮ್ಮೂರಿಗೆ ಬನ್ನಿ. ಊಟದ ಹೊತ್ತಿಗೇ ಬನ್ನಿ. ಸಿಂಧು ತುತ್ತು ಎತ್ತುವಾಗ ಎದುರು ನಿಂತು, ‘ಅಸಮರ್ಥರು’ ಎಂಬ ಪದವನ್ನು ಗಟ್ಟಿಯಾಗಿ ಓದಿ.

ಇಂತಿ,
ಈ ಪತ್ರಕ್ಕೆ ಉತ್ತರವಾಗಿ ತನ್ನ ವರ್ಗಾವಣೆಯನ್ನಷ್ಟೇ ನಿರೀಕ್ಷಿಸುತ್ತಿರುವ,
ರತ್ನ, ಸಹಶಿಕ್ಷಕಿ